ಮೂರು ದಿನದ ನೀರು

ಮೊನ್ನೆ ಆಳಂದದ ಬಜಾರದಲ್ಲಿ ನಮ್ಮ ತೊಗರಿ ಇಳಿಸುವಾಗ ಅಕಾಲದ ಮಳೆ ಹನಿಯಿತು. ತೋಯ್ದ ಗೋಣಿಚೀಲದ ವಾಸನೆಗೆ ಗೇಟಿನವನು ನೆನಪಾದ. ಹೀಗೆ ಬರೆದರೆ ಅವನನ್ನು ಮರೆತಿದ್ದೆ ಎಂದಾಗುತ್ತದೆ. ಮರೆತಿರಲಿಲ್ಲ. ಆ ವಾಸನೆ ಬಂದಾಗ ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ, ಅಷ್ಟೇ.

ಆಗ ನಾನು ಅಫಜಲಪುರ ತಾಲೂಕಿನಲ್ಲಿ, ಭೀಮಾ ದಂಡೆಯ ಒಂದು ಊರಿನ ಸಾಲಿ ಮಾಸ್ತರ. ಊರ ಮಗ್ಗುಲಿಗೇ ಬ್ಯಾರೇಜು. ಅದರ ಕಬ್ಬಿಣದ ಗೇಟುಗಳನ್ನು ಇಳಿಸುವುದು, ಎತ್ತುವುದು ಆ ಗೇಟಿನವನ ಕೆಲಸ, ಕಾಯಂ ನೌಕರಿಯಲ್ಲ. ಗೇಟಿನ ಸಂದಿಗಳಲ್ಲಿ ನೀರು ಸೋರುತ್ತಿತ್ತು. ಜೋಳದ ಹೊಟ್ಟು, ಎರೆಮಣ್ಣು ಕಲಸಿ ಗೋಣಿಚೀಲಕ್ಕೆ ತುಂಬಿ, ಎದೆಮಟ್ಟದ ನೀರಿನಲ್ಲಿ ನಿಂತು ಕಾಲಿನಿಂದ ಒದ್ದು ಒದ್ದು ಸಂದಿಗೆ ತುರುಕುತ್ತಿದ್ದ. ಸೋರುವುದು ನಿಂತಾಗ ಗೇಟಿಗೆ ಕಿವಿ ಹಚ್ಚಿ, "ಮಲಗ್ಯಾಳ ನೋಡ್ರಿ," ಎನ್ನುತ್ತಿದ್ದ, ನದಿಯನ್ನು... ಅಥವಾ ಇದನ್ನು ಆಮೇಲೆ ನಾನೇ ಸೇರಿಸಿದೆನೋ. ಅವನನ್ನು ಒಳ್ಳೆಯವನನ್ನಾಗಿ ಮಾಡಿದಷ್ಟೂ ನನಗೆ ಹಗುರವೆನಿಸುತ್ತದೆ. ನಂಬಬೇಡಿ. ಮುಂಗೋಪಿಯೂ ಆಗಿದ್ದ, ಗೇಟಿನ ಮೇಲೆ ಬಟ್ಟೆ ಒಣಗಹಾಕಿದರೆ ಬಟ್ಟೆಯನ್ನೇ ನೀರಿಗೆ ಬಿಸಾಕುತ್ತಿದ್ದ.

ಅವನಿಗೆ ಓದು ಬರುತ್ತಿರಲಿಲ್ಲ. ಆಫೀಸಿನಿಂದ ಕಾಗದ ಬಂದರೆ ರುಮಾಲಿನ ಮಡಿಕೆಯಲ್ಲಿಟ್ಟುಕೊಂಡು ಸಾಲಿಗೆ ಬರುತ್ತಿದ್ದ. ನಾನು ಓದಿ ಹೇಳಿದ ಹಾಗೆ ಮಾಡುತ್ತಿದ್ದ. ನನಗಿಂತ ಹಿರಿಯ, ಆದರೂ ನಾನು 'ನೀ' ಎನ್ನುತ್ತಿದ್ದೆ, ಅವನು 'ರೀ' ಎನ್ನುತ್ತಿದ್ದ.

ಮಳೆ ಕೈಕೊಟ್ಟ ಆ ವರ್ಷ, ಮೇಲಿನ ಆಣೆಕಟ್ಟಿನಿಂದ ನೀರು ಬಿಡುತ್ತಾರೆ, ಬಿಡುವುದಿಲ್ಲ ಎಂಬ ಮಾತಿನಲ್ಲೇ ಬೇಸಿಗೆ ಬಂತು. ಬ್ಯಾರೇಜಿನಲ್ಲಿ ನಿಂತಷ್ಟೇ ನೀರು. ಕೆಳಗೆ ಜೇವರ್ಗಿ ಕಡೆಯ ಊರುಗಳಿಗೆ ಕುಡಿಯಲು ಒಂದು ಗೇಟು ಎತ್ತಬೇಕು, 'ಒಂದು ದಿನ ಮಾತ್ರ' ಎಂದು ಕಾಗದ ಬಂತು. ಆ ಊರುಗಳಲ್ಲೊಂದರಲ್ಲಿ ನನ್ನ ಮಾವನ ಕಬ್ಬು ದಂಡೆಯ ಮಗ್ಗುಲಲ್ಲೇ ಒಣಗುತ್ತಿತ್ತು. ಮೂರು ದಿನ ನದಿ ಹರಿದರೆ ಮೋಟರು ಹಚ್ಚಿ ಒಂದು ಸಲ ಹಾಯಿಸಬಹುದಿತ್ತು.

"ಮೂರು ದಿನ," ಎಂದು ಓದಿದೆ.

"ಮೂರ್ ದಿನ ಬಿಟ್ರ ನಮ್ಮೂರಿಗಿ ಏನ್ ಉಳಿತದ್ರೀ ಮಾಸ್ತರ್ರ?"

"ಸಾಹೇಬ್ರಿಗೆ ಗೊತ್ತಿರ್ತದ. ನೀ ಎತ್ತು."

ಎತ್ತಿದ. ಮೂರನೇ ದಿನ ನಮ್ಮೂರ ನಳಕ್ಕೆ ನೀರೆಳೆಯುವ ಪೈಪಿನ ಬಾಯಿ ನೀರಿನಿಂದ ಮೇಲೆ ಬಂತು. ಜನ ಖಾಲಿ ಕೊಡ ಹಿಡಿದು ಬ್ಯಾರೇಜಿಗೆ ನುಗ್ಗಿದರು. ಸಾಹೇಬರು ಬಂದು ಕಾಗದ ಗಟ್ಟಿಯಾಗಿ ಓದಿದರು. ಮೂರು ಅಂತ ಯಾರು ಹೇಳಿದ್ದು ಎಂದರು. ಅವನು ನನ್ನ ಕಡೆ ಕೈ ಮಾಡಿದ.

"ಮಾಸ್ತರ್ರು ಓದ್ಯಾರ್ರಿ."

"ಓದಿದ್ದು ಖರೆ," ಎಂದೆ. "ಏನಂತ ಓದಿದೆ... ನೆನಪಿಲ್ರಿ."

ಒಬ್ಬ ಮುದುಕಿ ಕೊಡ ಕೆಳಗಿಟ್ಟಳು. "ಯಪ್ಪಾ ಮಾಸ್ತರಾ, ಮೂರ್ ದಿನದ ಮಾತು ನೆನಪಿಲ್ಲಂದ್ರ ಹುಡುಗರಿಗಿ ಏನ್ ಕಲಸ್ತಿ?"

ಜನ ನಕ್ಕರು. ಆ ನಗುವಿನಲ್ಲಿ ಸಾಹೇಬರ ಪ್ರಶ್ನೆ ತೇಲಿಹೋಯಿತು, ನಾನು ಉಳಿದೆ. ಅವನ ನೌಕರಿ ಅಲ್ಲೇ, ಗೇಟಿನ ಮೇಲೆಯೇ ಹೋಯಿತು. ಸಾಹೇಬರು ಬಿಸಾಕಿದ ಕಾಗದವನ್ನು ಅವನು ಬಗ್ಗಿ ಎತ್ತಿಕೊಂಡ.

ಎಂಟು ದಿನದ ಮೇಲೆ ಸಾಲಿಗೆ ಬಂದ. ಮಧ್ಯಾಹ್ನವೋ, ಸಂಜೆಯೋ... ರುಮಾಲಿನಿಂದ ಅದೇ ಕಾಗದ ತೆಗೆದ.

"ಮೂರು ಅಂತ ಬರೀರಿ."

ಬೋರ್ಡಿನ ಮೇಲೆ ಬರೆದೆ. ಕಾಗದವನ್ನು ಅದರ ಮಗ್ಗುಲಿಗೆ ಹಿಡಿದು ಒಂದೊಂದೇ ಸಾಲಿನ ಮೇಲೆ ಬೆರಳಾಡಿಸಿದ. ಗೇಟಿನಲ್ಲಿ ಸೋರುವ ಸಂದಿಯನ್ನು ಹಾಗೆಯೇ ಹುಡುಕುತ್ತಿದ್ದ. ಕಾಗದ ಮುಗಿಯಿತು.

"ಇದ್ರಾಗ ಇಲ್ಲಲ್ರೀ."

"ಇಲ್ಲ," ಎಂದೆ.

ಬಾಗಿಲ ತನಕ ಹೋದವನು ತಿರುಗಿದ. "ನಿಮ್ಮ ಮಾವನೋರ ಕಬ್ಬು ಹೆಂಗದ್ರೀ?"

ಚುಚ್ಚಿದನೋ, ನಿಜಕ್ಕೂ ಕೇಳಿದನೋ, ಗೊತ್ತಿಲ್ಲ. ಕಬ್ಬು ಹಸಿರಾಗಿತ್ತು. ನಾನು ಬೋರ್ಡಿನ ಮೇಲಿನ 'ಮೂರು' ಒರೆಸಿದೆ. ಊರಿಗೆ ನಿಜ ಹೇಳಲಿಲ್ಲ. ಅವನು ಚೌಡಾಪುರದ ಕಡೆ ಕಲ್ಲೊಡೆಯುವ ಕೆಲಸಕ್ಕೆ ಹೋದ, ಕೆಲವು ವರ್ಷಗಳ ಮೇಲೆ ಅಲ್ಲೇ ತೀರಿಕೊಂಡ ಎಂದು ಕೇಳಿದೆ. ಬದುಕಿದ್ದಾಗ ಹೋಗಿ ನೋಡಬಹುದಿತ್ತು, ಬಸ್ಸುಗಳಿದ್ದವು. ಹೋಗಲಿಲ್ಲ. ಈಗ ಹೇಳಿಕೊಳ್ಳಬೇಕಾದವನೇ ಇಲ್ಲ; ಅದಕ್ಕೇ ಇಷ್ಟು ಸಲೀಸಾಗಿ ಬರೆಯುತ್ತಿದ್ದೇನೆ.

ಮೊನ್ನೆ ಮಳೆ ನಿಂತ ಮೇಲೆ ಹಮಾಲ ಕೂಗಿದ. "ಮಾಸ್ತರ್ರ, ಎಷ್ಟ್ ಚೀಲ ತೋಯ್ದಾವ್ರೀ?"

ಬಾಯಿ ತೆರೆದವನು ಮುಚ್ಚಿಕೊಂಡೆ. ಎದ್ದು ಹೋಗಿ ಒಂದೊಂದೇ ಚೀಲದ ಮೇಲೆ ಬೆರಳಾಡಿಸಿದೆ. ಮತ್ತೊಮ್ಮೆ, ಮೊದಲಿನಿಂದ.

"ಒಂದು," ಎಂದೆ.

ಅವನು ನಕ್ಕ. "ಒಂದ್ ಅನ್ನಾಕ ಇಷ್ಟ್ ಹೊತ್ತೇನ್ರೀ?"