ಅಂಗೈ ಮೇಲಿನ ಸಾಂಬಾರು

ಶಿರಸಿ ಬಸ್‌ಸ್ಟ್ಯಾಂಡಿನ ಹಿಂದೆ ಖಾನಾವಳಿ ನಡೆಸುತ್ತಿದ್ದ ಆ ಅಮ್ಮ, ಸೌಟಿನಿಂದ ಒಂದು ಹನಿ ಸಾಂಬಾರು ಅಂಗೈಗೆ ಬಿಟ್ಟುಕೊಂಡು ನೆಕ್ಕಿ ನೋಡದೆ ಯಾರಿಗೂ ಬಡಿಸುತ್ತಿರಲಿಲ್ಲ. ಊಟದಲ್ಲಿ ಯಾರು ಏನು ಹುಳುಕು ತೆಗೆದರೂ ಒಂದೇ ಉತ್ತರ: “ಸುಮ್ನೆ ಉಣ್ಣಿ ಮಾರಾಯ್ರೆ.” ದಿನಾ ಅಲ್ಲೇ ಉಣ್ಣುತ್ತಿದ್ದ ನಮ್ಮದೆಲ್ಲ ಮುಗಿದ ಮೇಲೆ ತಳದ ಅನ್ನ, ತಿಳಿಸಾರು, ಅದರ ಬೆನ್ನಿಗೇ ಕಡಕ್ ಚಹಾ; ಅವರ ಊಟ ಅಷ್ಟೇ. ಬಿಡುವಾದಾಗ ಹಸಿ ಅಕ್ಕಿ ಅಗಿಯುತ್ತ ಕೂರುತ್ತಿದ್ದರು.

ಬರಬರುತ್ತ ಸಾಂಬಾರಿಗೆ ಉಪ್ಪು ಏರತೊಡಗಿತು. ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆ ಕಡೆ ಹೋದರು. ಉಳಿದ ನಾವು ಮಜ್ಜಿಗೆ ಸುರಿದುಕೊಂಡು ಉಂಡೆವು. ಒಮ್ಮೆ ಅವರು ಒಲೆಯೆದುರು ತಲೆಸುತ್ತಿ ಕುಸಿದಾಗ ನಾನೇ ಆಸ್ಪತ್ರೆಗೆ ಕರೆದೊಯ್ದೆ. ರಕ್ತಪರೀಕ್ಷೆ ಮಾಡಿಸಿದ ಡಾಕ್ಟರು, “ಕಬ್ಬಿಣದಂಶ ಕಡಿಮೆ ಇದೆ, ಜೊತೆಗೆ ಸತುವೂ ಕಡಿಮೆ. ಬರೀ ಅನ್ನ, ಚಹಾದಲ್ಲೇ ದಿನ ಕಳೆದ್ರೆ ಎರಡೂ ಒಟ್ಟಿಗೇ ಇಳೀತವೆ. ಸತು ಇಳಿದ್ರೆ ನಾಲಿಗೆಗೆ ರುಚಿ ಸರಿಯಾಗಿ ಗೊತ್ತಾಗೋದಿಲ್ಲ,” ಎಂದರು.

ಮಾತ್ರೆ ಶುರುವಾಗಿ ಕೆಲವು ತಿಂಗಳಾಗಿತ್ತು. ಒಂದು ಮಧ್ಯಾಹ್ನ ಅಂಗೈ ನೆಕ್ಕಿದವರು ಹಾಗೇ ನಿಂತುಬಿಟ್ಟರು. ಸೌಟು ಕೆಳಗಿಟ್ಟು ನಮ್ಮ ತಟ್ಟೆಗಳನ್ನೇ ನೋಡಿದರು.

“ಇಷ್ಟು ದಿನ ಇದನ್ನ ಸುಮ್ನೆ ಉಂಡ್ರಾ ಮಾರಾಯ್ರೆ?”