ಅಕ್ಕನೇ ಹೇಳಿ ಕಳಿಸಿದ್ದಾಳೆ ಎಂದವನು ನಾನು

ಮಾದೇವಕ್ಕ, ನಿನ್ನನ್ನು ಸೋಲಿಸಿದ್ದು ನಿನ್ನ ತಮ್ಮ ರಾಚಪ್ಪ ಅಲ್ಲ. ನಾನು. ಕೆಳಗಿನ ಬೀದಿಯ ಓಟು ನಿನಗೆ ಬೀಳದ ಹಾಗೆ ಮಾಡಿದವನು, ಅದಕ್ಕಾಗಿ ನಿನ್ನ ಹೆಸರಿನಲ್ಲೇ ಸುಳ್ಳು ಹೇಳಿದವನು, ಆಮೇಲೆ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡು ನಿನ್ನ ಪಕ್ಕದ ಮನೆಯಲ್ಲೇ ಬದುಕಿದವನು — ಈ ನಂಜುಂಡ.

ಆ ಉಪಚುನಾವಣೆ ಎಷ್ಟು ಚಿಕ್ಕದು! ಗ್ರಾಮ ಪಂಚಾಯ್ತಿಯ ಒಬ್ಬ ಮೆಂಬರು ತೀರಿಕೊಂಡಿದ್ದರು. ಮೂರು ಬೀದಿಗೆ ಒಂದು ಸೀಟು. ನಿಂತವರು ಮೂವರು. ಒಬ್ಬ, ನಾವೆಲ್ಲ ಇಟ್ಟಿಗೆಯವನು ಎಂದೇ ಕರೆಯುತ್ತಿದ್ದವನು — ತನ್ನ ಇಟ್ಟಿಗೆ ಗೂಡಿಗಾಗಿ ಕೆರೆಯ ಜೇಡಿಮಣ್ಣಿನ ಮೇಲೆ ಕಣ್ಣಿಟ್ಟಿದ್ದ. ಇನ್ನೊಬ್ಬರು ಅಕ್ಕಿ ಮಿಲ್ಲಿನ ಯಜಮಾನರು. ಮೂರನೆಯವಳು ನೀನು. ಗಂಡ ಸತ್ತ ಮೇಲೆ ಒಂದೆಕರೆ ಹಿಪ್ಪುನೇರಳೆ ಬೆಳೆದು, ರೇಷ್ಮೆಹುಳು ಸಾಕಿ, ಯಾರ ಮುಂದೆಯೂ ತಲೆ ತಗ್ಗಿಸದೆ ಬದುಕಿದವಳು. ಕೆರೆಗೆ ಇಳಿದ ಮೊದಲ ಟ್ರಾಕ್ಟರಿನ ಮುಂದೆ ಒಬ್ಬಳೇ ನಿಂತು ಅದನ್ನು ವಾಪಸ್ಸು ಕಳಿಸಿದವಳೂ ನೀನೇ. ಅವತ್ತು ನಾವು ಗಂಡಸರು ಏರಿಯ ಮೇಲೆ ನಿಂತು ನೋಡುತ್ತಿದ್ದೆವು.

ನನಗೆ ಆಗ ಯಳಂದೂರು ರಸ್ತೆಯಲ್ಲಿ ರೇಡಿಯೊ ರಿಪೇರಿ ಅಂಗಡಿ. ದಿನವಿಡೀ ಯಾವುದಾದರೊಂದು ರೇಡಿಯೊ ಮಾತಾಡುತ್ತಲೇ ಇರುತ್ತಿತ್ತು. ಒಂದು ಮಧ್ಯಾಹ್ನ ಇಂಗ್ಲೆಂಡಿನ ಯಾವುದೋ ಊರಿನ ಪಾರ್ಲಿಮೆಂಟು ಉಪಚುನಾವಣೆಯ ಸುದ್ದಿ ಬಂತು. ಮೂರನೆಯ ಅಭ್ಯರ್ಥಿಗೆ ಗೆಲುವಿಲ್ಲವೆಂದು ತಿಳಿದು, ಅವನ ಕಡೆಯವರೇ ಎರಡನೆಯವನಿಗೆ ಓಟು ಹಾಕಿ, ಗೆಲ್ಲಬೇಕಾಗಿದ್ದ ಮೊದಲನೆಯವನನ್ನು ಕೆಡವಿದರಂತೆ. ಎಂಥ ಉಪಾಯ! ಅದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ನಮ್ಮೂರಿಗೂ ಇದೇ ಸರಿ, ನೀನು ಗೆಲ್ಲುವವಳಲ್ಲ, ನಿನಗೆ ಬಿದ್ದ ಓಟೆಲ್ಲ ಇಟ್ಟಿಗೆಯವನಿಗೆ ಲಾಭ — ಹೀಗೆ ನಾನೇ ತೀರ್ಮಾನಿಸಿದೆ. ಯಾರನ್ನೂ ಕೇಳಲಿಲ್ಲ. ನಿನ್ನನ್ನಂತೂ —

ಇನ್ನೊಂದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ನಾಮಪತ್ರ ಹಾಕುವ ಮುಂಚೆ ನೀನು ನನ್ನನ್ನು ಒಂದು ಮಾತು ಕೇಳಲಿಲ್ಲ ಎಂಬ ಸಿಟ್ಟು ನನಗಿತ್ತು. ಊರಿನ ಬುದ್ಧಿವಂತ ನಾನು, ನನ್ನನ್ನು ಕೇಳದೆ ಇವಳು ಹೇಗೆ ನಿಂತಳು? ಅಷ್ಟು ಸಣ್ಣ ಸಿಟ್ಟು. ಕೆರೆಯ ಚಿಂತೆ ಎಷ್ಟು, ಈ ಸಿಟ್ಟು ಎಷ್ಟು ಅಂತ ಇವತ್ತಿಗೂ ನನ್ನಿಂದ ಬೇರೆ ಮಾಡಲು ಆಗಿಲ್ಲ.

ಕೆಳಗಿನ ಬೀದಿ ಚಿಕ್ಕತಾಯಮ್ಮನ ಮಾತು ಮೀರುತ್ತಿರಲಿಲ್ಲ. ಆ ಬೀದಿಯ ಅರ್ಧ ಜನರ ಹೆರಿಗೆ ಮಾಡಿಸಿದ ಮುದುಕಿ. ಓಟಿನ ಹಿಂದಿನ ದಿನ ಬೆಳಿಗ್ಗೆ ಅವಳನ್ನು ಅಂಗಡಿಗೆ ಕರೆದು ಕೂರಿಸಿದೆ.

"ಮಾದೇವಿಗೇ ಆಕದು ಅಂತ ಬೀದಿಯೋರೆಲ್ಲ ಒಪ್ಕಂಡವ್ರೆ ಕಣ್ಲಾ," ಎಂದಳು.

"ಅಕ್ಕ ಗೆಲ್ಲಕಿಲ್ಲ ಕಣಜ್ಜಿ. ಓಟು ಒಡುದ್ರೆ ಇಟ್ಟಿಗೆಯೋನು ಗೆದ್ಬುಡ್ತನೆ. ಮಿಲ್ನೋರ್ಗೆ ಆಕ್ಸು."

"ಕೊಟ್ಟ ಮಾತ್ಗೆ ತಪ್ಪದಾ? ಆಮ್ಯಾಕೆ ಅವಳ ಮಕ ಎಂಗ್ಲಾ ನೋಡದು?"

ಮುದುಕಿ ಎದ್ದು ಹೊರಟಿದ್ದಳು. ನಾನು ಅಲ್ಲಿಗೇ ಬಿಡಬಹುದಿತ್ತು. ಬಿಡಲಿಲ್ಲ.

"ಅಕ್ಕನೇ ಏಳ್ಕಳ್ಸವ್ಳೆ ಕಣಜ್ಜಿ," ಎಂದೆ. "ಕೆರೆ ಉಳುದ್ರೆ ಸಾಕು, ಮಿಲ್ನೋರ್ಗೇ ಆಕ್ಸು ಅಂದವ್ಳೆ. ಯಾರ್ಗೂ ಗೊತ್ತಾಗಬಾರ್ದಂತೆ. ರಾಚಪ್ಪನ ಕಿವಿಗೂ ಬೀಳಬಾರ್ದು."

ಅವಳು ನನ್ನ ಮುಖವನ್ನೇ ನೋಡಿದಳು. "ಪಾಪ, ಅಂಗಂದ್ಲಾ," ಎಂದು ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ಹೋದಳು. ನಿನ್ನ ತ್ಯಾಗಕ್ಕೆ ಅತ್ತಳು, ಅಕ್ಕ — ನೀನು ಮಾಡದ ತ್ಯಾಗಕ್ಕೆ. ಬೀದಿಯವರಿಗೆ ಅವಳು ಕಾರಣ ಹೇಳಲಿಲ್ಲ. ಮಿಲ್ಲಿನವರಿಗೆ ಒತ್ತಿ, ನಾನು ಹೇಳಿದ್ದು ಅಂತ ಎಲ್ಲೂ ಬಾಯಿ ಬಿಡಬೇಡಿ ಎಂದಷ್ಟೇ ಹೇಳಿದಳು. ಅಷ್ಟು ಸಾಕಾಯಿತು. ಮಾರನೆಯ ದಿನ ನಾನೂ ಮಿಲ್ಲಿನವರಿಗೇ ಒತ್ತಿ, ಹೊರಗೆ ಬಂದು, ಸಾಲಿನಲ್ಲಿ ನಿಂತಿದ್ದ ನಿನಗೆ ಕೈ ಎತ್ತಿ ನಕ್ಕೆ.

ಎಣಿಕೆ ಮುಗಿದಾಗ ಮಿಲ್ಲಿನವರು ಗೆದ್ದಿದ್ದರು. ಇಟ್ಟಿಗೆಯವನು ಎರಡನೆಯವನು. ನಿನಗೆ ಬಂದದ್ದು ನಮ್ಮ ಬೀದಿಯ ಓಟು, ಹೆಚ್ಚುಕಡಿಮೆ ಅಷ್ಟೇ. ಅಂಗಡಿಗೆ ಬಂದು ಒಂದು ಹಾಳೆಯ ಮೇಲೆ ಲೆಕ್ಕ ಹಾಕಿದೆ. ಕೆಳಗಿನ ಬೀದಿ ಕೊಟ್ಟ ಮಾತಿನಂತೆ ನಿನಗೇ ಹಾಕಿದ್ದರೆ — ಮತ್ತೆ ಹಾಕಿದೆ, ಮೂರನೆಯ ಸಲವೂ ಹಾಕಿದೆ — ನೀನು ಇಬ್ಬರನ್ನೂ ದಾಟಿ ಗೆಲ್ಲುತ್ತಿದ್ದೆ. ಆ ಹಾಳೆಯನ್ನು ಹರಿದು, ಮನೆಗೆ ಒಯ್ದು ಒಲೆಗೆ ಹಾಕಿದೆ.

ರಾಚಪ್ಪ ಆ ಮಿಲ್ಲಿನಲ್ಲೇ ಮೂಟೆ ಹೊರುತ್ತಿದ್ದ, ಕೆಳಗಿನ ಬೀದಿಯಲ್ಲೇ ಅವನ ಮನೆ. ನಿನಗೆ ಅನುಮಾನ ಬರಲು ಅಷ್ಟು ಸಾಲದೇ? ಅವನ ಮನೆ ಬಾಗಿಲಲ್ಲಿ ನಿಂತು ನೀನು ಕೂಗಿದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. "ಅನ್ನ ಆಕೋನ್ಗೆ ಅಕ್ಕನ್ನ ಮಾರ್ಬುಟ್ಟಲ್ಲೋ! ಇವತ್ಗೆ ನೀನು ಸತ್ತೆ ನಂಗೆ." ಅವನು ಮಾದಪ್ಪನ ಆಣೆ ಇಟ್ಟ. ನೀನು ತಿರುಗಿ ನೋಡಲಿಲ್ಲ. ಜನರ ನಡುವೆ ನಾನೂ ಇದ್ದೆ.

ಆ ಸಂಜೆ ಚಿಕ್ಕತಾಯಮ್ಮ ಅಂಗಡಿಗೆ ಬಂದಳು. "ಏನ್ಲಾ ಇದು? ಅವಳೇ ಏಳ್ಕಳ್ಸಿ, ಈಗ ತಮ್ಮನ್ನ ಇಂಗ್ ಬೈತವ್ಳಲ್ಲ?"

"ತೋರಿಕೆಗೆ ಕಣಜ್ಜಿ. ಜನಕ್ಕೆ ಅನುಮಾನ ಬರಬಾರ್ದು ಅಂತ. ನೀನು ಬಾಯ್ ಬುಡಬ್ಯಾಡ."

ಇದು ಎರಡನೆಯ ಸುಳ್ಳು, ಮೊದಲನೆಯದಕ್ಕಿಂತ ಕೆಟ್ಟದ್ದು. ಅವಳು ನಂಬಿದಳೋ ಇಲ್ಲವೋ, ಬಾಯಿ ಬಿಡಲಿಲ್ಲ. ಮುಂದಿನ ವರ್ಷ ಹೋಗಿಬಿಟ್ಟಳು. ನಿಜ ತಿಳಿದವನು ನಾನೊಬ್ಬನೇ ಉಳಿದೆ. ಸುಳ್ಳು ಯಾಕೆ ಹೇಳಲಿ, ನನಗೆ ಸಮಾಧಾನವೇ ಆಯಿತು.

ಕೆರೆಯಾದರೂ ಉಳಿಯಿತೇ? ಮಿಲ್ಲಿನವರು ಗೆದ್ದ ಮೇಲೆ ಇಟ್ಟಿಗೆಯವನ ಜೊತೆ ಕೂತು ಮಾತಾಡಿಕೊಂಡರು. ಬೇಸಿಗೆ ಬರುವಷ್ಟರಲ್ಲಿ ಟ್ರಾಕ್ಟರುಗಳು ಸಾಲಾಗಿ ಇಳಿದವು. ನೀನು ಮತ್ತೆ ಹೋಗಿ ಅಡ್ಡ ನಿಂತೆ. ಈ ಸಲ ಟ್ರಾಕ್ಟರಿನವರು ನಕ್ಕರು. "ನಿಮ್ಮೋರೇ ನಿಮ್ಗೆ ಓಟಾಕ್ನಿಲ್ಲ, ಸುಮ್ಕೆ ಓಗಮ್ಮ ಮನೆಗೆ." ನೀನು ಮನೆಗೆ ಬಂದೆ. ಆಮೇಲೆ ಯಾವ ಸಭೆಗೂ ಹೋಗಲಿಲ್ಲ.

ರಾಚಪ್ಪ ಊರು ಬಿಟ್ಟು ಕುಂತೂರಿಗೆ ಹೋದ, ಕಬ್ಬು ಕಡಿಯುವ ಕೆಲಸಕ್ಕೆ. ಹೋಗುವ ದಿನ ಅಂಗಡಿಗೆ ಬಂದಿದ್ದ. "ನೀನಾರ ಏಳ್ಲಾ ನಂಜುಂಡ. ನಿನ್ ಮಾತ್ ಕೇಳ್ತಳೆ ಅಕ್ಕ." ನಾನು ರೇಡಿಯೊದಿಂದ ತಲೆ ಎತ್ತದೆ "ನೋಡನ ಬುಡು" ಎಂದೆ. ತನ್ನ ಮಗಳ ಮದುವೆಗೆ ಕರೆಯಲು ಅವನು ಬಂದಾಗ ನೀನು ಬಾಗಿಲು ತೆಗೆಯಲಿಲ್ಲ. ಅವನು ಪತ್ರಿಕೆಯನ್ನು ಹೊಸ್ತಿಲ ಮೇಲಿಟ್ಟು ಹೋದದ್ದನ್ನು ನಾನು ನನ್ನ ಕಿಟಕಿಯಿಂದ ನೋಡಿದೆ.

ಹೋದ ವರ್ಷ ಅವನು ಜಾಂಡೀಸಿನಲ್ಲಿ ಸತ್ತ ಸುದ್ದಿ ಬಂದಾಗ ನಿನ್ನ ಜೊತೆ ಕುಂತೂರಿಗೆ ಬಸ್ಸಿನಲ್ಲಿ ಬಂದವನು ನಾನೇ. ಅಲ್ಲಿ ಅವನ ತಲೆಯ ಹತ್ತಿರ ಕೂತು, "ಯಾಕಪ್ಪ ಅಂಗ್ ಮಾಡ್ದೆ? ಒಂದ್ ಮಾತು ಏಳ್ಬುಟ್ ಓಗಬಾರ್ದಾ," ಎಂದು ಹೆಣವನ್ನು ಕೇಳುತ್ತಿದ್ದೆ. ಮತ್ತೆ ಮತ್ತೆ ಕೇಳುತ್ತಿದ್ದೆ. ಉತ್ತರ ಗೊತ್ತಿದ್ದವನು ನಿನ್ನ ಹಿಂದೆ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದ.

ಇಂಗ್ಲೆಂಡಿನ ಜನ ತಮ್ಮ ಓಟನ್ನು ತಾವೇ ಯೋಚಿಸಿ ಹಾಕಿದರು. ನಾನು ಒಂದು ಇಡೀ ಬೀದಿಯ ಓಟನ್ನು, ಒಬ್ಬ ಮುದುಕಿಯ ನಂಬಿಕೆಯನ್ನು, ನಿನ್ನ ಹೆಸರನ್ನು — ಇನ್ನು ಹೆಚ್ಚು ಬರೆದರೆ ಅದು ಸಮಜಾಯಿಷಿಯಾಗುತ್ತದೆ. ಬೇಡ.

ನಿನ್ನೆ ಕುಂತೂರಿಗೆ ಹೋಗಿ ರಾಚಪ್ಪನ ಹೆಂಡತಿಗೆ ಎಲ್ಲ ಹೇಳಿದೆ. ಅವಳು ಅಳಲಿಲ್ಲ, ಬೈಯಲೂ ಇಲ್ಲ. "ಅವ್ರು ಬದ್ಕಿರವಾಗ ಬರಬೋದಿತ್ತಲ್ಲಣ್ಣ," ಎಂದಳು. ಇನ್ನೊಂದು ಮಾತೂ ಹೇಳಿದಳು.

ನಾಳೆ ಬೆಳಿಗ್ಗೆ ನಿನ್ನ ಮನೆಗೆ ಬರುತ್ತೇನೆ. ಈ ಕಾಗದವನ್ನು ಮೊದಲು ನಿನಗೆ ಓದಿ, ಆಮೇಲೆ ಕೆಳಗಿನ ಬೀದಿಯ ಜನರ ಮುಂದೆ ಓದುತ್ತೇನೆ. ಆದರೆ ಎಲ್ಲಕ್ಕಿಂತ ಮುಂಚೆ, ಬಾಗಿಲಲ್ಲೇ, ಅವಳು ಹೇಳಿದ ಆ ಮಾತನ್ನು ನಿನಗೆ ಮುಟ್ಟಿಸಬೇಕು. ಚಿಕ್ಕತಾಯಮ್ಮ ಮಿಲ್ಲಿನವರಿಗೆ ಒತ್ತಿ ಎಂದಾಗ ಆ ಬೀದಿಯಲ್ಲಿ ಅವಳ ಮಾತು ಮೀರಿದ್ದು ಗಂಡ ಹೆಂಡತಿ ಇಬ್ಬರೇ. ರಾಚಪ್ಪ ನಿನಗೇ ಹಾಕಿದ್ದ, ಅಕ್ಕ.