ಉಸಿರು ತಾಗಿದರೆ ಕೆಡುವ ಯಂತ್ರ

ನಿನ್ನೆ ಮಗಳು ಲ್ಯಾಪ್‌ಟಾಪಿನಲ್ಲಿ ಅಕ್ಷರಗಳನ್ನಷ್ಟೇ ತೋರಿಸುವ ಬ್ರೌಸರ್ ಹಾಕಿಕೊಂಡು, ಗೋಫರ್ ಎಂಬ ಹಳೇ ಕಾಲದ ಇಂಟರ್‌ನೆಟ್ ತೆರೆದಳು. ಚಿತ್ರವಿಲ್ಲ, ಜಾಹೀರಾತಿಲ್ಲ, ಕಪ್ಪು ತೆರೆಯ ಮೇಲೆ ಬರೀ ಹಸಿರು ಸಾಲುಗಳು. ನಾನು ಚಿಕ್ಕವಳಿದ್ದಾಗಿನ, ಮೂಡಿಗೆರೆ ಕಡೆಯ ಕಾಫಿ ಎಸ್ಟೇಟಿನ ಆಫೀಸು ಕಣ್ಣ ಮುಂದೆ ಬಂತು.

ಅವ್ವ ಅಲ್ಲಿ ಕಸ ಗುಡಿಸುತ್ತಿದ್ದಳು. ಸಾಹುಕಾರರು ಕಂಪ್ಯೂಟರಿಗೆ ಫೋನ್ ತಂತಿ ಸಿಕ್ಕಿಸಿ ಇಂಥದೇ ಹಸಿರು ಸಾಲುಗಳನ್ನು ಓದುತ್ತಿದ್ದರು. ಅವರೆದ್ದ ಮೇಲೆ ಅದಕ್ಕೆ ಮಖಮಲ್ಲಿನ ಹೊದಿಕೆ ಬೇರೆ! ಆಗಷ್ಟೇ ಇಂಗ್ಲಿಷ್ ಅಕ್ಷರ ಕಲಿತಿದ್ದ ನಾನು ಒಂದು ದಿನ, ಹೊದಿಕೆ ಹಾಕುವ ಮೊದಲು, ಒಂದೇ ಒಂದು ಸಾಲು ಓದೋಣವೆಂದು ಬಗ್ಗಿದೆ.

ಆಫೀಸಿನ ಗುಮಾಸ್ತ, ನಾವು ರೈಟ್ರು ಎನ್ನುತ್ತಿದ್ದವನು, ಗದರಿದ: "ಏ, ದೂರ ನಿಲ್ಲೇ! ನಿನ್ನ ಉಸಿರು ತಾಗಿದ್ರೆ ಮಿಷನ್ ಕೆಡ್ತದೆ."

ಅವ್ವ ಗುಡಿಸುವುದನ್ನು ನಿಲ್ಲಿಸಿದಳು. "ಸಾವ್ಕಾರ್ರು ದಿನಾ ಅದ್ರ ಮೂತಿಗೇ ಸಿಗರೇಟ್ ಹೊಗೆ ಬಿಡ್ತಾರಲ್ಲ ರೈಟ್ರೇ, ಅದು ಒಂದಿನ ಕೆಮ್ಮಿದ್ದು ನಾ ಕಾಣೆ."

ಮರುದಿನದಿಂದ ಅವ್ವನಿಗೆ ಆಫೀಸು ತಪ್ಪಿತು, ತೋಟದಲ್ಲಿ ಕಳೆ ತೆಗೆಯಲು ಹಾಕಿದರು. ನಾನು ಆ ಒಂದು ಸಾಲನ್ನೂ ಓದದೇ ಉಳಿದೆ. ಜಾತಿಯ ಕೊಳಕನ್ನು ಕಂಪ್ಯೂಟರಿಗೂ ಮೆತ್ತಿದ ಆ ಜನ ತಮ್ಮನ್ನು ವಿದ್ಯಾವಂತರು ಎಂದುಕೊಂಡಿದ್ದರು. ಥೂ!

ನಿನ್ನೆ ಮಗಳನ್ನು ಪಕ್ಕಕ್ಕೆ ಸರಿಸಿ, ತೆರೆಗೆ ಮೂಗು ತಾಗುವಷ್ಟು ಹತ್ತಿರ ಕೂತು, ಮೊದಲ ಸಾಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದೆ. ಗಾಜಿನ ಮೇಲೆ ನನ್ನ ಉಸಿರಿನ ಮಬ್ಬು ಕೂತಿತು. ಒಂದಕ್ಷರವೂ ಕೆಡಲಿಲ್ಲ.